ಹೆಸರಲ್ಲಿ ಹಲ್ಲಿ, ಹಲ್ಲಲ್ಲಿ ತಿಮಿಂಗಿಲ: ಬೆಸಿಲೋಸಾರಸ್ ಕಥೆ

 

ಯೂಟ್ಯೂಬಲ್ಲಿ ಒಂದು ಜಾತಿಯ ವಿಡಿಯೋ ಬರ್ತಾವಲ್ಲ, "ಇದು ವರ್ಸಸ್ ಅದು, ಗೆಲ್ಲೋದು ಯಾರು?" ಅಂತ. ಅದರಲ್ಲಿ ಪದೇ ಪದೇ ಬರೋ ಒಂದು ಜೋಡಿ ಇದೆ. ಒಂದು ಕಡೆ ಮೊಸಾಸಾರಸ್. 2015ರ ಜುರಾಸಿಕ್ ವರ್ಲ್ಡ್ ಸಿನಿಮಾದಲ್ಲಿ ನೀರಿಂದ ಹಾರಿ ಶಾರ್ಕನ್ನ ಬಾಯಿಗೆ ಹಾಕಿಕೊಳ್ಳುತ್ತಲ್ಲ, ಅದೇ. ಇನ್ನೊಂದು ಕಡೆ ಬೆಸಿಲೋಸಾರಸ್. ಎರಡರ ಹೆಸರಿನ ಕೊನೆಯಲ್ಲೂ 'ಸಾರಸ್' ಇದೆ. ಗ್ರೀಕಿನಲ್ಲಿ ಅದರ ಅರ್ಥ ಹಲ್ಲಿ. ಬೆಸಿಲಿಯಸ್ ಅಂದ್ರೆ ರಾಜ. ಅಲ್ಲಿಗೆ ಬೆಸಿಲೋಸಾರಸ್ ಅಂದ್ರೆ ಹಲ್ಲಿಗಳ ರಾಜ.

ಆದ್ರೆ ಬೆಸಿಲೋಸಾರಸ್ ಹಲ್ಲಿ ಅಲ್ಲ. ಸರೀಸೃಪವೇ ಅಲ್ಲ. ಅದು ತಿಮಿಂಗಿಲ. ಮರಿ ಹಾಕಿ ಹಾಲು ಕುಡಿಸೋ, ಶ್ವಾಸಕೋಶದಿಂದ ಉಸಿರಾಡೋ, ನಮ್ಮ ನಿಮ್ಮ ಥರ ಒಂದು ಸಸ್ತನಿ.

ಒಂದು ತಿಮಿಂಗಿಲಕ್ಕೆ ಹಲ್ಲಿಯ ಹೆಸರು ಹೇಗೆ ಬಂತು? ತಪ್ಪು ಅಂತ ಗೊತ್ತಾಗಿ 185 ವರ್ಷ ಆದ ಮೇಲೂ ಆ ಹೆಸರು ಯಾಕೆ ಬದಲಾಗಿಲ್ಲ? ಮಧ್ಯದಲ್ಲಿ ಅದೇ ತಪ್ಪನ್ನ ಬಂಡವಾಳ ಮಾಡಿಕೊಂಡು ದುಡ್ಡು ಮಾಡಿದ್ದು ಯಾರು? ಇವತ್ತಿನ ಎಪಿಸೋಡ್ ಇದೇ.

ಮೊದಲು ಉಲ್ಟಾ ತಪ್ಪು

ಕಥೆ ಶುರುವಾಗೋದು ಅಮೆರಿಕದಲ್ಲಲ್ಲ, ಯುರೋಪಿನ ಮಾಸ್ಟ್ರಿಕ್ಟ್ ಅನ್ನೋ ಊರಲ್ಲಿ. ಇವತ್ತು ಅದು ನೆದರ್ಲೆಂಡ್ಸ್‌ನಲ್ಲಿದೆ. ಊರ ಪಕ್ಕ ಸುಣ್ಣಕಲ್ಲಿನ ಗುಡ್ಡ, ಗುಡ್ಡದೊಳಗೆ ಗಣಿ. 18ನೇ ಶತಮಾನದ ಎರಡನೇ ಭಾಗದಲ್ಲಿ ಗಣಿ ಕೆಲಸಗಾರರಿಗೆ ಅಲ್ಲಿ ದೊಡ್ಡ ದೊಡ್ಡ ದವಡೆಗಳು ಸಿಕ್ಕವು. ಒಂದೊಂದು ಹಲ್ಲೂ ಹೆಬ್ಬೆರಳಿಗಿಂತ ದಪ್ಪ. ಊರಲ್ಲಿದ್ದ ಸೈನ್ಯದ ವೈದ್ಯ ಹಾಫ್‌ಮನ್ ಈ ಮೂಳೆಗಳ ಹಿಂದೆ ಬಿದ್ದಿದ್ದ. ಇದು ಮೊಸಳೆ ಅಂತ ಅವನ ಅಂದಾಜು.

ಆಗ ಯುರೋಪಿನ ಹೆಸರಾಂತ ಅಂಗರಚನಾ ತಜ್ಞ ಪೆಟ್ರಸ್ ಕ್ಯಾಂಪರ್ 1786ರಲ್ಲಿ ಒಂದು ಲೇಖನ ಬರೆದು, ಮೊಸಳೆ ಅಲ್ಲ, ಇದು ತಿಮಿಂಗಿಲ ಅಂದ. ದೊಡ್ಡ ಹೆಸರು, ದೊಡ್ಡ ಮಾತು. ಎದುರು ಹೇಳೋದು ಸುಲಭ ಇರಲಿಲ್ಲ.

1794ರಲ್ಲಿ ಫ್ರೆಂಚ್ ಸೈನ್ಯ ಮಾಸ್ಟ್ರಿಕ್ಟ್ ಗೆದ್ದುಕೊಳ್ತು. ಆ ತಲೆಬುರುಡೆ ಪ್ಯಾರಿಸ್‌ಗೆ ಹೋಯ್ತು. ಅದನ್ನ ಹುಡುಕಿಕೊಟ್ಟವರಿಗೆ 600 ಬಾಟಲಿ ವೈನ್ ಬಹುಮಾನ ಅಂತ ಒಂದು ಕಥೆ ಇದೆ, ಕೇಳೋಕೆ ಮಜಾ ಇದೆ, ಆದ್ರೆ ಇತಿಹಾಸಕಾರರು ಅದನ್ನ ದಂತಕಥೆ ಅಂತಾರೆ. ಬುರುಡೆ ಮಾತ್ರ ನಿಜ, ಈಗಲೂ ಪ್ಯಾರಿಸ್‌ನ ಮ್ಯೂಸಿಯಂನಲ್ಲೇ ಇದೆ.

ಪೆಟ್ರಸ್ ಕ್ಯಾಂಪರ್ 1789ರಲ್ಲಿ ತೀರಿಕೊಂಡ. ಹತ್ತು ವರ್ಷದ ನಂತರ ಅವನ ಮಗ ಆಡ್ರಿಯಾನ್ ಅವೇ ಮೂಳೆಗಳನ್ನ ಮತ್ತೆ ನೋಡಿ, ಅಪ್ಪ ಹೇಳಿದ್ದು ಸರಿ ಇಲ್ಲ, ಇದು ಉಡದ ಸಂಬಂಧಿ ಅಂದ. ನಮ್ಮ ಹೊಲದಲ್ಲಿ ಓಡಾಡೋ ಉಡ ಇದೆಯಲ್ಲ, ಅದರ ದೂರದ ಬಳಗ, ಸಮುದ್ರದಲ್ಲಿದ್ದದ್ದು, ಬಸ್ಸಿಗಿಂತ ಉದ್ದದ್ದು. 1808ರಲ್ಲಿ ಪ್ಯಾರಿಸ್‌ನ ಜಾರ್ಜ್ ಕುವಿಯೆ ಮಗನ ಮಾತನ್ನೇ ಎತ್ತಿಹಿಡಿದ. 1822ರಲ್ಲಿ ಅದಕ್ಕೆ ಮೊಸಾಸಾರಸ್ ಅಂತ ಹೆಸರಾಯ್ತು. ಮಾಸ್ಟ್ರಿಕ್ಟ್ ಪಕ್ಕ ಹರಿಯೋ ಮ್ಯೂಸ್ ನದಿಗೆ ಲ್ಯಾಟಿನ್‌ನಲ್ಲಿ ಮೋಸಾ ಅಂತಾರೆ. ಮೋಸಾ ನದಿಯ ಹಲ್ಲಿ, ಮೊಸಾಸಾರಸ್.

ಇಲ್ಲಿ ಹಲ್ಲಿಯನ್ನ ತಿಮಿಂಗಿಲ ಅಂದುಕೊಂಡಿದ್ದರು. ಐವತ್ತು ವರ್ಷ ಕಳೆಯೋದ್ರೊಳಗೆ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಸರಿಯಾಗಿ ಇದರ ಉಲ್ಟಾ ಆಯ್ತು.

ಫಿಲಡೆಲ್ಫಿಯಾದ ಡಾಕ್ಟರ್

1830ರ ದಶಕದ ಶುರು. ಅಮೆರಿಕದ ಲೂಯಿಸಿಯಾನಾದಲ್ಲಿ ಒಂದು ನದಿಯ ಹತ್ತಿರ ಗುಡ್ಡ ಕುಸಿದು ಬೆನ್ನುಮೂಳೆಯ ಮಣಿಗಳ ಸಾಲೊಂದು ಹೊರಗೆ ಬಂತು. ಹೆನ್ರಿ ಬ್ರೈ ಅನ್ನೋ ನ್ಯಾಯಾಧೀಶ ಅದರಲ್ಲೊಂದನ್ನ ಫಿಲಡೆಲ್ಫಿಯಾಗೆ ಕಳಿಸಿದ. ಅಲಬಾಮಾದಲ್ಲಿ ಜಾನ್ ಕ್ರೇ ಅನ್ನೋ ಇನ್ನೊಬ್ಬ ನ್ಯಾಯಾಧೀಶನ ಪ್ಲಾಂಟೇಶನ್‌ನಲ್ಲೂ ಇಂಥವೇ ಮೂಳೆಗಳು ಸಿಕ್ಕಿದ್ದವು. ಆ ಕಡೆ ಇವು ಎಷ್ಟು ಮಾಮೂಲಿ ಅಂದ್ರೆ, ಜನ ದೊಡ್ಡ ಮಣಿಗಳನ್ನ ಮನೆಯಲ್ಲಿ ಕುರ್ಚಿ ಸ್ಟೂಲ್ ಥರ ಬಳಸ್ತಿದ್ದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಕಾಲದ ಅಲಬಾಮಾದ ಪ್ಲಾಂಟೇಶನ್ ನಡೀತಿದ್ದದ್ದು ಗುಲಾಮರ ದುಡಿಮೆ ಮೇಲೆ. ನೆಲ ಉಳೋರು, ಕಲ್ಲು ಒಡೆಯೋರು ಅವರು. ಪತ್ರದ ಕೆಳಗೆ ಸಹಿ ಹಾಕಿ ಮೂಳೆ ಕಳಿಸಿದ್ದು ಜಡ್ಜ್ ಸಾಹೇಬರು. ವಿಜ್ಞಾನದ ದಾಖಲೆಯಲ್ಲಿ ಉಳಿದಿದ್ದು ಸಹಿ ಮಾತ್ರ. ಇದಕ್ಕೂ ನೂರು ವರ್ಷ ಮುಂಚೆ ಕೆರೋಲಿನಾದ ಸ್ಟೋನೋ ಅನ್ನೋ ಕಡೆ ಭಾರೀ ಹಲ್ಲುಗಳು ಸಿಕ್ಕಿದ್ದಾಗ, ಅಲ್ಲಿದ್ದ ಆಫ್ರಿಕಾದ ಗುಲಾಮರು ನೋಡಿದ ಕೂಡಲೇ ಇದು ಆನೆಯ ದವಡೆ ಹಲ್ಲು ಅಂದಿದ್ದರು. ಅವರು ತಮ್ಮ ನಾಡಲ್ಲಿ ಆನೆ ಕಂಡವರು. ಅವರು ಹೇಳಿದ್ದು ಸರಿಯಾಗೇ ಇತ್ತು, ಅದು ಆನೆಯ ಬಳಗದ ಮ್ಯಾಮತ್. ಮಾರ್ಕ್ ಕೇಟ್ಸ್‌ಬಿ ಅನ್ನೋ ನಿಸರ್ಗಶಾಸ್ತ್ರಜ್ಞ ಇದನ್ನ ಬರೆದಿಟ್ಟಿದ್ದಾನೆ. ಅವರ ಹೆಸರುಗಳನ್ನ ಮಾತ್ರ ಬರೆದಿಟ್ಟಿಲ್ಲ. ಹಲ್ಲು ನೋಡಿ ಪ್ರಾಣಿ ಹೇಳೋ ಈ ವಿದ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂಳೆಗಳು ಬಂದು ತಲುಪಿದ್ದು ರಿಚರ್ಡ್ ಹಾರ್ಲನ್ ಕೈಗೆ. ವೃತ್ತಿಯಲ್ಲಿ ಡಾಕ್ಟರ್, ಅಮೆರಿಕದ ಸಸ್ತನಿಗಳ ಬಗ್ಗೆ 1825ರಲ್ಲೇ ಪುಸ್ತಕ ಬರೆದವ. ಆ ಉದ್ದುದ್ದ ಮಣಿಗಳನ್ನ ನೋಡಿ, ದವಡೆ ಚೂರುಗಳನ್ನ ನೋಡಿ, ಇದು ನೂರಡಿಗೆ ಹತ್ತಿರದ ಒಂದು ಸಮುದ್ರ ಸರೀಸೃಪ ಅಂದ. 1834ರಲ್ಲಿ ಬೆಸಿಲೋಸಾರಸ್ ಅನ್ನೋ ಹೆಸರಿಟ್ಟ.

ಈಗ ನಾವು ನಗಬಹುದು. ಆದ್ರೆ ಅವನ ಜಾಗದಲ್ಲಿ ನಿಂತು ನೋಡಿ. ಇಂಗ್ಲೆಂಡಿನ ಕಡಲತೀರದಲ್ಲಿ ಮೇರಿ ಆ್ಯನಿಂಗ್ ಪ್ಲೀಸಿಯೋಸಾರಸ್ ಹುಡುಕಿ ಹತ್ತು ವರ್ಷ ಆಗಿತ್ತು. ಮೊಸಾಸಾರಸ್ ಹೆಸರು ಪಡೆದು ಹನ್ನೆರಡು ವರ್ಷ. ಡೈನೋಸಾರ್ ಅನ್ನೋ ಪದ ಇನ್ನೂ ಹುಟ್ಟೇ ಇರಲಿಲ್ಲ, ಅದು ಬಂದಿದ್ದು 1842ರಲ್ಲಿ. ಎಲ್ಲಿ ನೋಡಿದರೂ ಸಮುದ್ರದ ರಾಕ್ಷಸ ಹಲ್ಲಿಗಳದ್ದೇ ಸುದ್ದಿ. ಇನ್ನು ಹಾವಿನಂಥ ಉದ್ದನೆ ತಿಮಿಂಗಿಲವನ್ನ ಯಾರೂ ಕನಸಲ್ಲೂ ಕಂಡಿರಲಿಲ್ಲ. ಸಿಕ್ಕ ಮಾಹಿತಿಗೆ ಅವನು ಮಾಡಿದ ಲೆಕ್ಕ ಅದು.

ಒಂದು ಹಲ್ಲು, ಎರಡು ಬೇರು

1839ರ ಆರಂಭ. ಹಾರ್ಲನ್ ಮೂಳೆಗಳನ್ನ ಹಿಡ್ಕೊಂಡು ಲಂಡನ್‌ಗೆ ಹೋಗಿದ್ದ. ಅಲ್ಲಿ ಇದ್ದದ್ದು ರಿಚರ್ಡ್ ಓವೆನ್, ಮೂರು ವರ್ಷದ ನಂತರ 'ಡೈನೋಸಾರ್' ಪದ ಹುಟ್ಟುಹಾಕಲಿದ್ದ ಅದೇ ಓವೆನ್. ಹೋಲಿಸಿ ನೋಡೋಕೆ ಅವನ ಹತ್ತಿರ ಒಂದು ಮ್ಯೂಸಿಯಂ ತುಂಬ ಪ್ರಾಣಿಗಳ ಅಸ್ಥಿ ಇತ್ತು. ಅವನು ಹಲ್ಲನ್ನ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟ.

ಈಗ ಹೋಲಿಕೆ ಮಾಡೋಣ. ಮೊಸಳೆಯ ಬಾಯಿ ತೆಗೆದು ನೋಡಿದರೆ (ದಯವಿಟ್ಟು ತೆಗೀಬೇಡಿ) ಎಲ್ಲಾ ಹಲ್ಲೂ ಸುಮಾರಾಗಿ ಒಂದೇ ಥರ, ಚೂಪಾದ ಶಂಕು. ಬಿದ್ದರೆ ಇನ್ನೊಂದು ಬರುತ್ತೆ, ಅದು ಬಿದ್ದರೆ ಮತ್ತೊಂದು, ಆಯಸ್ಸಿನುದ್ದಕ್ಕೂ. ಒಂದು ಹಲ್ಲಿಗೆ ಒಂದೇ ಬೇರು.

ಸಸ್ತನಿಗಳದ್ದು ಹಾಗಲ್ಲ. ಮುಂದಿನ ಹಲ್ಲು ಒಂದು ಥರ, ಕೋರೆ ಒಂದು ಥರ, ದವಡೆ ಹಲ್ಲು ಇನ್ನೊಂದು ಥರ. ಒಬ್ಬೊಬ್ಬರಿಗೆ ಒಂದೊಂದು ಡಿಪಾರ್ಟ್‌ಮೆಂಟ್. ದವಡೆ ಹಲ್ಲಿಗೆ ಎರಡು ಬೇರು, ಕೆಲವಕ್ಕೆ ಮೂರು. ರೂಟ್ ಕೆನಾಲ್ ಮಾಡಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು, ಬಿಲ್ಲಲ್ಲೂ ಗೊತ್ತಾಗಿರುತ್ತೆ.

ಹಾರ್ಲನ್ ತಂದ ದವಡೆಯ ಹಿಂದಿನ ಹಲ್ಲಿಗೆ ಎರಡು ಬೇರು ಇದ್ದವು. ಹಲ್ಲು ದವಡೆ ಮೂಳೆಯ ಗುಳಿಯಲ್ಲಿ ಕೂತಿರೋದು ಮೊಸಳೆಯಲ್ಲೂ ಉಂಟು. ಆದ್ರೆ ಒಂದೇ ಹಲ್ಲಿನ ಎರಡು ಬೇರು ಎರಡು ಗುಳಿಯಲ್ಲಿ ಇಳಿದಿರೋದು ಸಸ್ತನಿಯ ಗುರುತು. ಓವೆನ್ ತೀರ್ಪು ಕೊಟ್ಟ: ಇದು ಸಸ್ತನಿ, ತಿಮಿಂಗಿಲದ ಬಳಗ. ಅಡ್ಡ ಕೊಯ್ದಾಗ ಹಲ್ಲು ಎರಡು ಭಾಗ ಸೇರಿಸಿ ಕಟ್ಟಿದ ಹಾಗೆ ಕಾಣ್ತಿತ್ತು, ಎರಡು ಎತ್ತಿಗೆ ನೊಗ ಹಾಕಿದ ಹಾಗೆ. ಹಾಗಾಗಿ ಹೊಸ ಹೆಸರು ಸೂಚಿಸಿದ, ಜ್ಯೂಗ್ಲೋಡಾನ್. ಅರ್ಥ, ನೊಗದ ಹಲ್ಲು.

ಹಾರ್ಲನ್ ಏನು ಮಾಡಿದ? ಒಪ್ಪಿಕೊಂಡ. ಐದು ವರ್ಷ ತನ್ನ ಹೆಸರಲ್ಲಿದ್ದ ಸಂಶೋಧನೆ, ಪರದೇಶದಲ್ಲಿ, ತುಂಬಿದ ಸಭೆಯಲ್ಲಿ ಬಿದ್ದುಹೋಯ್ತು. ಮೂಳೆಗಳನ್ನ ಕೊಯ್ದು ನೋಡೋಕೆ ಬಿಟ್ಟವನೂ ಅವನೇ, ಫಲಿತಾಂಶ ಒಪ್ಪಿದವನೂ ಅವನೇ. ಈ ಕಥೆಯಲ್ಲಿ ನನಗೆ ಇಷ್ಟ ಆಗೋ ಮನುಷ್ಯ ಓವೆನ್ ಅಲ್ಲ, ಹಾರ್ಲನ್.

ಹಲ್ಲು ಬಿಟ್ಟರೆ ಇನ್ನೊಂದು ಗುರುತು ಬೆನ್ನು. ಗೋಡೆ ಮೇಲೆ ಹಲ್ಲಿ ಓಡೋದನ್ನ ನೋಡಿ, ಮೈ ಎಡಕ್ಕೂ ಬಲಕ್ಕೂ ಬಳುಕುತ್ತೆ. ಮೊಸಳೆ ಈಜೋದೂ ಹಾಗೇ, ಬಾಲ ಅಡ್ಡಡ್ಡ ಬೀಸುತ್ತೆ. ಬೀದಿ ನಾಯಿ ಜೋರಾಗಿ ಓಡುವಾಗ ನೋಡಿ, ಅದರ ಬೆನ್ನು ಮೇಲಕ್ಕೂ ಕೆಳಕ್ಕೂ ಬಾಗುತ್ತೆ. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ಹಾಗೆ ಓಡಿದ ನಾಲ್ಕು ಕಾಲಿನ ಪ್ರಾಣಿಗಳು. ನೀರಿಗೆ ಇಳಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಅದಕ್ಕೇ ಡಾಲ್ಫಿನ್, ತಿಮಿಂಗಿಲಗಳ ಬಾಲ ಚಪ್ಪಟೆಯಾಗಿ ಮಲಗಿರುತ್ತೆ, ಮೇಲೆ ಕೆಳಗೆ ಬಡಿಯುತ್ತೆ. ಮೀನು ಮೊಸಳೆಗಳ ಬಾಲ ನೆಟ್ಟಗೆ ನಿಂತಿರುತ್ತೆ.

ಟಿಕೆಟ್ 25 ಸೆಂಟ್

ವಿಜ್ಞಾನಿಗಳ ಮಟ್ಟಿಗೆ 1839ಕ್ಕೇ ವಿಷಯ ಮುಗಿದಿತ್ತು. ಜನರ ಮಟ್ಟಿಗೆ ತಮಾಷೆ ಶುರುವಾಗಿದ್ದೇ ಆಮೇಲೆ.

ಆಲ್ಬರ್ಟ್ ಕೋಖ್ ಜರ್ಮನಿಯಿಂದ ಬಂದು ಸೇಂಟ್ ಲೂಯಿಸ್‌ನಲ್ಲಿ ಮ್ಯೂಸಿಯಂ ಇಟ್ಟವನು. ಮೊದಲೇ ಒಂದು ಆಟ ಆಡಿದ್ದ. ಆನೆಯ ಬಳಗದ ಮ್ಯಾಸ್ಟೊಡಾನ್ ಮೂಳೆಗಳಿಗೆ ಹೆಚ್ಚುವರಿ ಮೂಳೆ ಸೇರಿಸಿ ಇನ್ನೂ ದೊಡ್ಡದು ಮಾಡಿ, ಮಿಸೌರಿಯಂ ಅಂತ ಹೆಸರಿಟ್ಟು ಊರೂರಲ್ಲಿ ತೋರಿಸಿ, ಕೊನೆಗೆ ಬ್ರಿಟಿಷ್ ಮ್ಯೂಸಿಯಂಗೇ ಮಾರಿದ್ದ. 1845ರಲ್ಲಿ ಅವನು ಅಲಬಾಮಾಗೆ ಹೋಗಿ ಬೆಸಿಲೋಸಾರಸ್ ಮೂಳೆಗಳನ್ನ ಒಟ್ಟುಮಾಡಿದ. ಅದೇ ವರ್ಷ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ 114 ಅಡಿ ಉದ್ದದ ಅಸ್ಥಿಪಂಜರ ನಿಲ್ಲಿಸಿದ. ಕತ್ತು ಎತ್ತಿ, ಮೈ ಅಲೆ ಅಲೆಯಾಗಿ ಬಾಗಿಸಿ, ಥೇಟ್ ಸಮುದ್ರ ಸರ್ಪ. ಹೆಸರು ಹೈಡ್ರಾರ್ಕಸ್, ನೀರಿನ ಅಧಿಪತಿ. ಟಿಕೆಟ್ 25 ಸೆಂಟ್. ಜನ ಮುಗಿಬಿದ್ದರು.

ಮಾರುಕಟ್ಟೆ ರೆಡಿ ಇತ್ತು ನೋಡಿ. 1817ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ಲಾಸ್ಟರ್ ಬಂದರಿನಲ್ಲಿ ಸಮುದ್ರ ಸರ್ಪ ಕಂಡೆವು ಅಂತ ಊರಿಗೆ ಊರೇ ಹೇಳಿತ್ತು. ಬೇಡಿಕೆ ಮೊದಲೇ ಇತ್ತು, ಕೋಖ್ ಪೂರೈಕೆ ಮಾಡಿದ ಅಷ್ಟೆ. ನಾನು ಬಿಕಾಂ ಓದಿದವನು, ಹಾಗಾಗಿ ನನ್ನ ಕಣ್ಣಿಗೆ ಇದು ಹೀಗೆ ಕಾಣುತ್ತೆ: ಐದಾರು ಕಂಪನಿಗಳ ಬ್ಯಾಲೆನ್ಸ್ ಶೀಟ್ ಕತ್ತರಿಸಿ ಒಂದಕ್ಕೊಂದು ಅಂಟಿಸಿ, ನೋಡಿ ಎಂಥ ದೊಡ್ಡ ಕಂಪನಿ ಅಂತ ಶೇರು ಮಾರಿದ ಹಾಗೆ.

ಆಡಿಟ್ ಮಾಡಿದ್ದು ಜೆಫ್ರೀಸ್ ವೈಮನ್ ಅನ್ನೋ ಅಂಗರಚನಾ ತಜ್ಞ. ಅವನು ಪಾಯಿಂಟ್ ಪಾಯಿಂಟಾಗಿ ಹೇಳಿದ. ಒಂದು, ಈ ಮಣಿಗಳು ಒಂದೇ ಪ್ರಾಣಿಯದಲ್ಲ, ಬೇರೆ ಬೇರೆ ಪ್ರಾಣಿಗಳದ್ದನ್ನ ಪೋಣಿಸಿದ್ದು. ಎರಡು, ಹಲ್ಲಿಗೆ ಎರಡು ಬೇರು ಇದೆ, ಹಾಗಾಗಿ ಇದು ಸರ್ಪವೂ ಅಲ್ಲ ಹಲ್ಲಿಯೂ ಅಲ್ಲ, ಸಸ್ತನಿ. ಮೂರು, ಈಜುಗಾಲಿನ ಕೆಲವು 'ಮೂಳೆ'ಗಳು ಮೂಳೆಗಳೇ ಅಲ್ಲ, ಸಮುದ್ರದ ಚಿಪ್ಪುಗಳ ಅಚ್ಚು.

ಇದರಲ್ಲಿ ಬೇಜಾರಾಗೋ ಭಾಗ ಹೆಸರಿನದ್ದು. ಕೋಖ್ ಮೊದಲು ತನ್ನ ಸರ್ಪಕ್ಕೆ ಯೇಲ್‌ನ ಪ್ರಸಿದ್ಧ ಪ್ರೊಫೆಸರ್ ಬೆಂಜಮಿನ್ ಸಿಲಿಮನ್ ಹೆಸರು ಸೇರಿಸಿದ್ದ. ಮೋಸ ಗೊತ್ತಾದ ಮೇಲೆ ಸಿಲಿಮನ್ ನನ್ನ ಹೆಸರು ತೆಗೀರಿ ಅಂದರು. ಕೋಖ್ ತೆಗೆದ. ತೆಗೆದು ಹಾರ್ಲನ್ ಹೆಸರು ಹಾಕಿದ: ಹೈಡ್ರಾರ್ಕಸ್ ಹಾರ್ಲಾನಿ. ಹಾರ್ಲನ್ 1843ರಲ್ಲೇ ತೀರಿಹೋಗಿದ್ದ. ನನ್ನ ಹೆಸರು ತೆಗೀರಿ ಅನ್ನೋಕೆ ಅವನಿರಲಿಲ್ಲ. ಬದುಕಿದ್ದಾಗ ಸಾಕ್ಷಿಗೆ ತಲೆಬಾಗಿ ತನ್ನ ಮಾತು ಬಿಟ್ಟುಕೊಟ್ಟವನ ಹೆಸರು, ಸತ್ತ ಮೇಲೆ ಒಂದು ಸುಳ್ಳಿನ ಬೋರ್ಡ್ ಮೇಲೆ ಹೋಯ್ತು.

ಬಯಲಾದ ಮೇಲೆ ಕೋಖ್‌ಗೆ ಏನಾಯ್ತು? ಏನೂ ಆಗಲಿಲ್ಲ. ಅಸ್ಥಿಪಂಜರ ಕಟ್ಟಿಕೊಂಡು ಯುರೋಪಿಗೆ ಹೋದ. ಪ್ರಶ್ಯಾದ ರಾಜ ನಾಲ್ಕನೇ ಫ್ರೆಡರಿಕ್ ವಿಲಿಯಂ ಅದನ್ನ ಕೊಂಡ, ಬದಲಿಗೆ ಕೋಖ್‌ಗೆ ಜೀವನಪೂರ್ತಿ ವಾರ್ಷಿಕ ವೇತನ ಕೊಟ್ಟ. ಕೋಖ್ ಇನ್ನೊಂದು ಅಸ್ಥಿಪಂಜರ ಕಟ್ಟಿದ. ಅದು ಕೊನೆಗೆ ಶಿಕಾಗೋದ ಒಂದು ಮ್ಯೂಸಿಯಂ ಸೇರಿ, 1871ರ ಮಹಾ ಅಗ್ನಿ ಅನಾಹುತದಲ್ಲಿ ಸುಟ್ಟುಹೋಯ್ತು. ಬರ್ಲಿನ್‌ನಲ್ಲಿದ್ದ ಮೂಳೆಗಳನ್ನ ಯೋಹಾನೆಸ್ ಮ್ಯೂಲರ್ ಅನ್ನೋ ವಿಜ್ಞಾನಿ ಸರಿಯಾಗಿ ಅಧ್ಯಯನ ಮಾಡಿ 1849ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ಮೋಸದ ಸರಕಿನಿಂದಲೂ ಒಂದು ಒಳ್ಳೇ ಕೆಲಸ ಆಯ್ತು ಅನ್ನಿ.

ಹೆಸರು ಯಾಕೆ ಬದಲಾಗಲಿಲ್ಲ?

ಪ್ರಾಣಿಗಳ ಹೆಸರಿಡೋದಕ್ಕೆ ಒಂದು ನಿಯಮ ಇದೆ, ಮೊದಲು ಇಟ್ಟ ಹೆಸರಿಗೆ ಆದ್ಯತೆ. 1842ರಲ್ಲಿ ಬ್ರಿಟನ್‌ನಲ್ಲಿ ಇದನ್ನ ಲಿಖಿತ ನಿಯಮ ಮಾಡಿದರು, ಇವತ್ತಿಗೂ ಅದರ ಮುಂದುವರಿಕೆಯೇ ನಡೀತಿದೆ. ಅರ್ಥ ತಪ್ಪಿದ್ದರೂ ಪರವಾಗಿಲ್ಲ, ಮೊದಲು ಬಂದ ಹೆಸರೇ ಹೆಸರು. ಮನೆಯಲ್ಲಿ ಕರಿಯ ಅಂತ ಕರೆಯೋ ಮಗು ಬೆಳ್ಳಗಿದ್ದರೂ ದಾಖಲೆ ಬದಲಾಗಲ್ಲವಲ್ಲ, ಹಾಗೆ. ಹಾರ್ಲನ್‌ನ 1834, ಓವೆನ್‌ನ 1839ಕ್ಕಿಂತ ಮುಂಚೆ. ಹಾಗಾಗಿ ಬೆಸಿಲೋಸಾರಸ್ ಉಳೀತು.

ಆದ್ರೆ ಓವೆನ್ ಕೊಟ್ಟ ಎರಡನೇ ಹೆಸರೂ ಉಳೀತು. ಪೂರ್ತಿ ಹೆಸರು ಬೆಸಿಲೋಸಾರಸ್ ಸೀಟಾಯ್ಡಿಸ್. ಅರ್ಥ, ತಿಮಿಂಗಿಲದಂಥ ರಾಜ ಹಲ್ಲಿ. ಇಬ್ಬರ ವಾದ ಪ್ರತಿವಾದ ಎರಡೂ ಒಂದೇ ಹೆಸರಲ್ಲಿ ಅಕ್ಕಪಕ್ಕ ಕೂತಿವೆ. 1984ರಿಂದ ಅದು ಅಲಬಾಮಾ ರಾಜ್ಯದ ಅಧಿಕೃತ ಪಳೆಯುಳಿಕೆ.

ಹಾಗಾದ್ರೆ ಗೆಲ್ಲೋದು ಯಾರು?

ಮೊದಲನೇ ಮಾತು, ಮೊಸಾಸಾರಸ್ ಮತ್ತು ಬೆಸಿಲೋಸಾರಸ್ ಮುಖಾಮುಖಿ ಆಗೋಕೆ ಸಾಧ್ಯವೇ ಇರಲಿಲ್ಲ. ಮೊಸಾಸಾರಸ್ 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆ ಅಳಿದುಹೋಯ್ತು. ಬೆಸಿಲೋಸಾರಸ್ ಬಂದಿದ್ದು ಸುಮಾರು 4.1 ಕೋಟಿ ವರ್ಷದ ಹಿಂದೆ. ಮಧ್ಯೆ 2.5 ಕೋಟಿ ವರ್ಷದ ಗ್ಯಾಪ್.

ಬದುಕಿರೋ ಸರೀಸೃಪದ ಜೊತೆ ಹೋಲಿಸಬಹುದು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊಡ್ಡ ಉಪ್ಪುನೀರಿನ ಮೊಸಳೆಯ ಕಡಿತದ ಬಲ ಅಳೆದಾಗ ಬಂದದ್ದು 16,414 ನ್ಯೂಟನ್. ಅಂದ್ರೆ ಒಂದು ಎಸ್‌ಯುವಿ ಕಾರಿನ ತೂಕ ಬಾಯಿಯ ಮೇಲೆ ಬಿದ್ದಂತೆ. 2015ರಲ್ಲಿ ಈಜಿಪ್ಟಿನ ಬೆಸಿಲೋಸಾರಸ್ ಬುರುಡೆಯ ಕಂಪ್ಯೂಟರ್ ಮಾದರಿ ಮಾಡಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಕನಿಷ್ಠ 16,400 ನ್ಯೂಟನ್. ಒಂದು ಜೀವಂತ ಪ್ರಾಣಿಯಲ್ಲಿ ಅಳೆದದ್ದು, ಇನ್ನೊಂದು ಅಂದಾಜು, ಆದರೂ ಎರಡೂ ಒಂದೇ ಮಟ್ಟದಲ್ಲಿವೆ.

ವ್ಯತ್ಯಾಸ ಇರೋದು ಊಟದ ರೀತಿಯಲ್ಲಿ. ಮೊಸಳೆ ಅಗಿಯಲ್ಲ. ಕಚ್ಚಿ ಹಿಡಿದು, ಉರುಳಿ, ಕಿತ್ತು ನುಂಗುತ್ತೆ. ಬೆಸಿಲೋಸಾರಸ್ ಹಿಂದಿನ ಹಲ್ಲುಗಳಿಂದ ಮೂಳೆ ಪುಡಿಮಾಡಿ ಅಗಿದು ತಿನ್ನುತ್ತಿತ್ತು. ಈಜಿಪ್ಟಿನ ವಾದಿ ಅಲ್-ಹಿತಾನ್, ಅರಬ್ಬಿಯಲ್ಲಿ ತಿಮಿಂಗಿಲಗಳ ಕಣಿವೆ, 2005ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಅಲ್ಲಿನ ಒಂದು ಬೆಸಿಲೋಸಾರಸ್‌ನ ಹೊಟ್ಟೆಯ ಜಾಗದಲ್ಲಿ ಡೊರುಡಾನ್ ಅನ್ನೋ ಚಿಕ್ಕ ತಿಮಿಂಗಿಲದ ಮರಿಗಳ ಮೂಳೆ ಸಿಕ್ಕಿವೆ. ಅಲ್ಲೇ 1990ರಲ್ಲಿ ಫಿಲಿಪ್ ಗಿಂಗರಿಚ್ ತಂಡ ಬೆಸಿಲೋಸಾರಸ್‌ನ ಹಿಂಗಾಲು ಸಿಕ್ಕಿದ್ದನ್ನ ಪ್ರಕಟಿಸಿತು. ಐವತ್ತು ಅಡಿ ಮೀರಿದ ದೇಹಕ್ಕೆ ಒಂದು ಮೊಳದ ಆಸುಪಾಸಿನ ಕಾಲು, ಮಂಡಿ, ಹಿಮ್ಮಡಿ, ಬೆರಳು ಸಮೇತ. ಓವೆನ್ ಹಲ್ಲಲ್ಲಿ ಓದಿದ್ದನ್ನ ಕಾಲು ಬಂದು ಖಾತ್ರಿ ಮಾಡ್ತು.

ಇನ್ನೊಂದು ಮಜಾ ಕೇಳಿ. ಇವತ್ತಿನ ಡಾಲ್ಫಿನ್‌ನ ಹಲ್ಲು ನೋಡಿದರೆ ಎಲ್ಲವೂ ಒಂದೇ ಥರದ ಶಂಕು, ಒಂದೇ ಬೇರು. ಹೆಚ್ಚುಕಡಿಮೆ ಮೊಸಳೆ ಬಾಯಿಯೇ! ಜಾರೋ ಮೀನು ಹಿಡಿಯೋಕೆ ಅಂಥ ಹಲ್ಲೇ ಅನುಕೂಲ, ಹಾಗಾಗಿ ಎರಡು ಬೇರೆ ಬಳಗಗಳು ಬೇರೆ ಬೇರೆ ದಾರಿಯಲ್ಲಿ ಅದೇ ಜಾಗಕ್ಕೆ ಬಂದು ನಿಂತವು. ಬೆಸಿಲೋಸಾರಸ್‌ಗೂ ಅಂಥ ಹಲ್ಲೇ ಇದ್ದಿದ್ದರೆ ಓವೆನ್‌ಗೆ ಕೇಸು ಇಷ್ಟು ಸುಲಭ ಆಗ್ತಿರಲಿಲ್ಲ.

ನಮ್ಮ ದೇಶದ ಮೂಳೆಗಳು

ಈ ಕಥೆಯ ಮೊದಲ ಅಧ್ಯಾಯ ಇರೋದು ಭಾರತ, ಪಾಕಿಸ್ತಾನದ ಬಂಡೆಗಳಲ್ಲಿ. ಜಮ್ಮುವಿನ ಕಾಲಾಕೋಟ್‌ನಲ್ಲಿ ಎ. ರಂಗರಾವ್ ಅನ್ನೋ ಭೂವಿಜ್ಞಾನಿ ಮೂಳೆಗಳಿರೋ ಕಲ್ಲುಗಳನ್ನ ಕೂಡಿಟ್ಟು, 1971ರಲ್ಲಿ ಇಂಡೋಹಯಸ್ ಅನ್ನೋ ಪುಟ್ಟ ಗೊರಸಿನ ಪ್ರಾಣಿಗೆ ಹೆಸರಿಟ್ಟರು. ಎಷ್ಟೋ ಕಲ್ಲುಗಳನ್ನ ಒಡೆದು ನೋಡೋ ಮೊದಲೇ ಅವರು ತೀರಿಕೊಂಡರು. ಅವರ ಪತ್ನಿ ಅವನ್ನ ಜೋಪಾನವಾಗಿಟ್ಟು, ಹ್ಯಾನ್ಸ್ ಥೆವಿಸನ್ ಅನ್ನೋ ವಿಜ್ಞಾನಿಗೆ ಕೊಟ್ಟರು. ಲ್ಯಾಬ್‌ನಲ್ಲಿ ಒಂದು ಬುರುಡೆ ಆಕಸ್ಮಿಕವಾಗಿ ಮುರಿದಾಗ ಒಳಗಿನ ಕಿವಿಯ ಮೂಳೆ ಕಂಡಿತು. ತಿಮಿಂಗಿಲಗಳಲ್ಲಿ ಕಾಣೋ ಥರದ ದಪ್ಪ ಅಂಚಿನ ಮೂಳೆ! 2007ರಲ್ಲಿ ಅದು ಪ್ರಕಟವಾಯ್ತು. ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ ಈ ಗೊರಸಿನ ಪ್ರಾಣಿ ತಿಮಿಂಗಿಲಗಳ ತೀರಾ ಹತ್ತಿರದ ಸಂಬಂಧಿ. ಕಲ್ಲು ಹೊತ್ತು ತಂದವರಿಗೆ ಇದು ಗೊತ್ತಾಗಲೇ ಇಲ್ಲ.

ಗುಜರಾತಿನ ಕಛ್‌ನಲ್ಲಿ ಅಶೋಕ್ ಸಾಹ್ನಿ ಮತ್ತವರ ಸಂಗಡಿಗರು 1970ರ ದಶಕದಲ್ಲೇ ಹಳೇ ತಿಮಿಂಗಿಲಗಳನ್ನ ಗುರುತಿಸಿದ್ದರು. ಅದೇ ಕಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ 2005ರಲ್ಲಿ ದೊಡ್ಡ ಬೆನ್ನುಮಣಿಗಳು ಸಿಕ್ಕವು. ಮೊದಲ ಅಂದಾಜು, ಯಾವುದೋ ಮೊಸಳೆ ಇರಬೇಕು ಅಂತ. ವರ್ಷಾನುಗಟ್ಟಲೆ ಹಾಗೇ ಇದ್ದವು. ಸ್ವಚ್ಛ ಮಾಡಿ ಸರಿಯಾಗಿ ನೋಡಿದಾಗ ಅದು ಹಾವು! 2024ರಲ್ಲಿ ಐಐಟಿ ರೂರ್ಕಿಯ ವಿಜ್ಞಾನಿಗಳು ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು. 27 ಮಣಿಗಳ ಆಧಾರದಲ್ಲಿ 11ರಿಂದ 15 ಮೀಟರ್ ಉದ್ದ ಅಂತ ಅವರ ಅಂದಾಜು.

ನೋಡಿ, ಕ್ಯಾಂಪರ್ ಉಡವನ್ನ ತಿಮಿಂಗಿಲ ಅಂದ, ಹಾರ್ಲನ್ ತಿಮಿಂಗಿಲವನ್ನ ಹಲ್ಲಿ ಅಂದ, ನಮ್ಮ ಕಾಲದಲ್ಲೂ ಹಾವು ಕೆಲಕಾಲ ಮೊಸಳೆ ಆಗಿತ್ತು. ಇವರು ಯಾರೂ ಮೋಸಗಾರರಲ್ಲ. ಮೂಳೆಯನ್ನ ಎತ್ತಿಟ್ಟರು, ಮುಂದಿನವರಿಗೆ ನೋಡೋಕೆ ಬಿಟ್ಟರು. ಹಾಗಾಗಿ ತಪ್ಪು ಸರಿಯಾಯ್ತು. ಕೋಖ್ ಮಾಡಿದ್ದು ಬೇರೆ. ಉತ್ತರ ಬಂದು ಆರು ವರ್ಷ ಆದ ಮೇಲೆ, ಟಿಕೆಟ್ ಮಾರಾಟ ಆಗೋ ಕಡೆಗೆ ಮೂಳೆ ಪೋಣಿಸಿದ.

ಮುಂದಿನ ಸಲ ಯಾರಾದರೂ ಬೀಚಲ್ಲಿ ಬಿದ್ದ ವಿಚಿತ್ರ ಪ್ರಾಣಿಯ ವಿಡಿಯೋ ಫಾರ್ವರ್ಡ್ ಮಾಡಿದರೆ, ಮೊದಲು ಹಲ್ಲು ನೋಡಿ, ಆಮೇಲೆ ಬಾಲ ಮಲಗಿದೆಯಾ ನಿಂತಿದೆಯಾ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಎಪಿಸೋಡ್ ಇಷ್ಟ ಆದ್ರೆ ಡೈನೋಸಾರ್ ಹುಚ್ಚು ಹಿಡಿದಿರೋ ನಿಮ್ಮ ತಮ್ಮನಿಗೋ ತಂಗಿಗೋ ಕಳಿಸಿ. ಪ್ರಶ್ನೆ ಇದ್ದರೆ ಬರೀರಿ, ಓದ್ತೀನಿ.